ಮಾರ್ಚ್ ಒಂಬತ್ತರ ಕ್ಲಾರಿನೆಟ್

ನಮ್ಮ ಹೊಸ ಮನೆ, ಮೂರನೇ ಮಹಡಿ
ಮೇ ೨೦, ಮಧ್ಯಾಹ್ನ

ನನ್ನ ಮುದ್ದಿನ ಅಣ್ಣಾ,

ಮೈ ಹೇಗಿದೆ? ಕಾಮಾಲೆ ಪೂರ್ತಿ ಇಳಿಯಿತೇ? ಕಣ್ಣಿನ ಹಳದಿ ಹೋಯಿತೇ? ಊಟ ಸೇರುತ್ತಿದೆಯೇ? ನನ್ನ ಮದುವೆಯ ದಿನ ಹಾಸಿಗೆಯಿಂದ ಏಳಲಾರದೆ ಮಲಗಿದ್ದವನು ನೀನು, ಅದಕ್ಕೇ ಮೊದಲು ಕೇಳಿದೆ.

ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿ ಅಂದರೆ, ಇವರು ಹಲ್ಲುಜ್ಜುವುದನ್ನು ನೋಡಿದರೂ ನನಗೆ ಖುಷಿ! ಕಳೆದ ವಾರ ಒಂದು ರೆಕಾರ್ಡ್ ತಂದರು. ಈ ಊರಿನವರದೇ ಬ್ಯಾಂಡ್, ಅಜ್ಜನ ಕಾಲದ ಸ್ವಿಂಗ್ ಜಾಝ್. ಅಬ್ಬಾ, ಅಣ್ಣಾ! ಮುಳ್ಳು ಇಟ್ಟದ್ದೇ ತಡ, ಕಾಲು ನಮ್ಮ ಮಾತು ಕೇಳುವುದಿಲ್ಲ. ಸೌಟು ಹಿಡಿದೇ ಅಡುಗೆಮನೆಯಲ್ಲಿ ಕುಣಿದೆವು. ಕೆಳಗಿನ ಮನೆಯ ಅಜ್ಜಿ ಸಿಟ್ಟಿನಿಂದ ಕೋಲಿನಲ್ಲಿ ಸೂರು ಕುಟ್ಟಿದರೆ ಅದೂ ತಾಳಕ್ಕೆ ಸರಿಯಾಗಿತ್ತು! ಎರಡನೇ ಹಾಡಿನಲ್ಲಿ ಉಳಿದವರೆಲ್ಲ ಸುಮ್ಮನಾಗುತ್ತಾರೆ. ಕ್ಲಾರಿನೆಟ್ ಮಾತ್ರ ಮೆಟ್ಟಿಲು ಜಾರಿದ ಹಾಗೆ ಇಳಿದು, ಇನ್ನೇನು ಬೀಳಬೇಕು, ನಕ್ಕು ನಿಲ್ಲುತ್ತದೆ. ಅದನ್ನು ಕೇಳಿ ಇವರಿಗೆ, "ಥೇಟ್ ನಮ್ಮಣ್ಣ ಊದಿದ ಹಾಗೇ ಇದೆ ರೀ. ಪಾಪ, ಅವನಿಗೂ ಇಂಥದ್ದೊಂದು ಚಾನ್ಸ್ ಸಿಗಬೇಕಿತ್ತು" ಅಂದೆ. ಅಂದೆ ಕಣೋ, ನನ್ನ ಬಾಯಿಂದಲೇ.

ನಿನ್ನೆ ಇವರು ಕವರಿನ ಹಿಂಬದಿ ಓದುತ್ತಿದ್ದರು. ಕನ್ನಡಕದ ಅಂಗಡಿಯವರಲ್ಲವೇ, ಸಣ್ಣ ಅಕ್ಷರ ಕಂಡರೆ ಬಿಡುವುದಿಲ್ಲ. "ಕ್ಲಾರಿನೆಟ್ ಊದಿದವರು: ಪೀಪಿ. ಇದೆಂಥ ಹೆಸರೇ!" ಎಂದು ನಕ್ಕರು. ಆ ಹೆಸರನ್ನು ನಿನಗಿಟ್ಟವಳು ನಾನು, ನಾಲ್ಕು ವರ್ಷದವಳಿದ್ದಾಗ. ಅದರ ಕೆಳಗಿನ ಸಾಲನ್ನೂ ಓದಿದರು: ಮಾರ್ಚ್ ಒಂಬತ್ತರ ಬೆಳಿಗ್ಗೆ ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ನುಡಿಸಿದ್ದು. "ಅರೆ, ನಮ್ಮ ಮದುವೆ ದಿನ!" ಎಂದು ಇವರಿಗೆ ಸಂಭ್ರಮ. ಸ್ಟುಡಿಯೋದ ವಿಳಾಸವೂ ಇತ್ತು. ರಿಜಿಸ್ಟ್ರಾರ್ ಕಚೇರಿಯಿಂದ ಮೂರೇ ಬೀದಿ. ಹಾಲು ಉಕ್ಕಿತೆಂದು ಸುಳ್ಳು ಹೇಳಿ ಎದ್ದುಹೋದೆ.

ಸಾಕ್ಷಿಯ ಸಹಿ ನಿನ್ನದಾಗಬೇಕಿತ್ತು. ಆವತ್ತು ಬೆಳಿಗ್ಗೆ ಒಂಬತ್ತಕ್ಕೆ ಫೋನಿನಲ್ಲಿ ನರಳಿದೆಯಲ್ಲ, ಬೇರೆ ಯಾರೂ ಸಿಗದೆ ಎದುರಿನ ಜೆರಾಕ್ಸ್ ಅಂಗಡಿಯವನನ್ನು ಕರೆತಂದೆವು. ನನ್ನ ಮದುವೆಯ ಕಾಗದದಲ್ಲಿ ಇನ್ನು ಸಾಯುವವರೆಗೂ ಅವನ ಹೆಸರೇ. ಅಮ್ಮ ನಿನ್ನ ಚಿಂತೆಯಲ್ಲಿ ಒಂದು ಚೂರು ಸಿಹಿ ಮುಟ್ಟಲಿಲ್ಲ. ಒಂದೇ ಒಂದು ಮಾತು ಹೇಳಿದ್ದರೆ! ಕಚೇರಿ ಮರುದಿನವೂ ತೆರೆದಿರುತ್ತಿತ್ತು. ಮದುವೆ ನಾಳೆ ಮಾಡಿಕೊಂಡರಾಯಿತು ಎಂದು ಎಲ್ಲರನ್ನೂ ನಾನೇ ಸ್ಟುಡಿಯೋಗೆ ಹೊರಡಿಸುತ್ತಿದ್ದೆ. ಇಷ್ಟು ವರ್ಷ ನೋಡಿಯೂ ನಾನು ಅಷ್ಟು ಮಾಡುವವಳಲ್ಲ ಅಂದುಕೊಂಡೆಯಾ? ಕೆಟ್ಟದಾಗಿ ಊದಿದ್ದರೆ ರೆಕಾರ್ಡನ್ನು ಅಟ್ಟಕ್ಕೆ ಎಸೆದು ಸುಮ್ಮನಾಗುತ್ತಿದ್ದೆ. ಇವತ್ತು ಬೆಳಿಗ್ಗೆಯಿಂದ ಆರು ಸಲ ಕೇಳಿದ್ದೇನೆ. ಫೋನು ಮಾಡಿದರೆ ನಗಿಸಿ ಜಾರಿಕೊಳ್ಳುತ್ತೀ, ಅದಕ್ಕೇ ಈ ಕಾಗದ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಇವರು ನಿನ್ನನ್ನು ಕೇಳಿದ್ದಾಗಿ ಬರೆ ಅಂದಿದ್ದಾರೆ. ಪಾಪ, ಇವರಿಗಿನ್ನೂ ಏನೂ ಗೊತ್ತಿಲ್ಲ.

ನಿನ್ನ
ತಂಗಿ

ಹೇಳಲು ಮರೆತೆ: ಭಾನುವಾರ ಅಮ್ಮ ಇಲ್ಲಿಗೆ ಬರುತ್ತಾಳೆ. ಇವರು ಆ ರೆಕಾರ್ಡ್ ಹಾಕಿಯೇ ಹಾಕುತ್ತಾರೆ, ಅಮ್ಮ ನಿನ್ನನ್ನು ಗುರುತು ಹಿಡಿದೇ ಹಿಡಿಯುತ್ತಾಳೆ. ಶನಿವಾರದೊಳಗೆ ನೀನೇ ಹೋಗಿ ಅವಳಿಗೆ ಹೇಳು. ಅವಳು ನನ್ನ ಮುಖ ನೋಡಿ ಕೇಳಿದರೆ, ನಿನಗೆ ಕಾಮಾಲೆ ಆಗಿತ್ತು ಅಂತ ನಾನು ಹೇಳುವುದಿಲ್ಲ.