ವಿಭಾಗದ ಮುಖ್ಯಸ್ಥರ ಹೆಸರಿಗೆ

ಮಾರ್ಚ್ 3, ಮಂಗಳವಾರ. ಬೆಳಗ್ಗೆ, ರೈಲಿನಲ್ಲಿ

ವೆಸ್ಟ್‌ಮೀಡ್‌ನಲ್ಲಿ ಹತ್ತಿದ ಕೂಡಲೇ ಸೀಟು ಸಿಕ್ಕಿತು. ಕಿಟಕಿ ಪಕ್ಕದ್ದೇ. ಸ್ಟ್ರಾತ್‌ಫೀಲ್ಡ್‌ವರೆಗೆ ಕವಿತೆ, ಆಮೇಲೆ ಥೀಸಿಸ್ — ನಾನೇ ಮಾಡಿಕೊಂಡ ನಿಯಮ. ಇವತ್ತು ಕವಿತೆ ಓದಿದ್ದು ಕಣ್ಣು ಮಾತ್ರ. ಮನಸ್ಸೆಲ್ಲ ನಿನ್ನೆ ಸಂಜೆಯ ಮೇಲ್‌ನಲ್ಲಿ. ಮೆಲ್ಬರ್ನ್ ಕಾನ್ಫರೆನ್ಸಿನವರು ನನ್ನ ಪೇಪರ್ ಒಪ್ಪಿಕೊಂಡಿದ್ದಾರೆ!

ಚಾಟ್ಸ್‌ವುಡ್‌ನ ಇನ್ಶೂರೆನ್ಸ್ ಆಫೀಸು ಬಿಟ್ಟು, ನಲವತ್ತಾರನೆಯ ವಯಸ್ಸಿಗೆ ಪಿಎಚ್‌ಡಿಗೆ ಸೇರಿದಾಗ ನಕ್ಕವರೇ ಹೆಚ್ಚು. ಅತ್ತೆ ಈಗಲೂ ನಗುತ್ತಾರೆ. ಅವರು ಹುಬ್ಬಳ್ಳಿಯಿಂದ ಬಂದು ಮೂರು ತಿಂಗಳಾಯಿತು. ಬೆಳಗ್ಗೆ ಡಬ್ಬಿಗೆ ಚಪಾತಿ, ಶೇಂಗಾ ಚಟ್ನಿಪುಡಿ ಹಾಕುತ್ತಾ ಕೇಳಿದರು:

"ಸೊಸಿ ಏನ್ ಓದಾಕತ್ತಾಳ ಅಂತ ಯಾರರೆ ಕೇಳಿದ್ರ ಏನ್ ಹೇಳ್ಲಿ?"

"ಹಳೇ ಸಿನಿಮಾ ಪ್ರಶಸ್ತಿ ಬಗ್ಗೆ ಅನ್ರಿ, ಅತ್ತಿ."

"ಅದಕ್ಕೂ ಪಿಎಚ್‌ಡಿ ಐತೇನು? ಹಂಗಾದ್ರ ನಾ ಮ್ಯಾಟಿನಿಗೆ ಹೋಗಿ ಹೋಗೇ ಎರಡು ಮುಗಿಸೀನಿ."

ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳ ಕಾಲ ನನ್ನದು. ಮೂವತ್ತರ, ನಲವತ್ತರ ದಶಕಗಳು. ಆಗ ಧ್ವನಿಗ್ರಹಣಕ್ಕೆ ಆಸ್ಕರ್ ಬಂದರೆ ಅದು ಹೋಗುತ್ತಿದ್ದದ್ದು ಸ್ಟುಡಿಯೋದ ಧ್ವನಿ ವಿಭಾಗದ ಮುಖ್ಯಸ್ಥರ ಹೆಸರಿಗೆ. ಸೆಟ್ಟಿನಲ್ಲಿ ಮೈಕು ಹಿಡಿದು ನಿಂತವರ, ಯಂತ್ರಕ್ಕೆ ಕಿವಿ ಕೊಟ್ಟು ಕೂತವರ ಹೆಸರು ಅಲ್ಲಿಲ್ಲ. ಕಳ್ಳತನ ಅನ್ನಲಾರೆ. ಪದ್ಧತಿ. ಎಲ್ಲರೂ ಒಪ್ಪಿಕೊಂಡಿದ್ದ, ಯಾರೂ ಕೆಟ್ಟದ್ದೆಂದು ತಿಳಿಯದಿದ್ದ ಪದ್ಧತಿ. ಅದರೊಳಗೆ ಬದುಕಿದವರಿಗೆ ಏನನ್ನಿಸುತ್ತಿತ್ತು? ನನ್ನ ಪೇಪರ್ ಅಷ್ಟೇ. ಪ್ರಶಸ್ತಿ ಸಮಾರಂಭಗಳ ಹಳೆಯ ಫೋಟೋಗಳಲ್ಲಿ ನಾನು ವೇದಿಕೆ ನೋಡುವುದಿಲ್ಲ. ಆ ಕೆಲಸಗಾರರು ಕೂತಿರುತ್ತಿದ್ದ ಹಿಂದಿನ ಟೇಬಲ್‌ಗಳನ್ನು ನೋಡುತ್ತೇನೆ.

ಎದುರು ಕೂತ ಹುಡುಗಿ ನನ್ನನ್ನು ನೋಡಿ ನಗುತ್ತಿದ್ದಾಳೆ. ಒಬ್ಬಳೇ ನಗುತ್ತಿದ್ದೆ ಅಂತ ಕಾಣುತ್ತದೆ. ರೆಡ್‌ಫರ್ನ್ ಬಂತು, ಇಳಿಯಬೇಕು.

ಮಾರ್ಚ್ 5, ಗುರುವಾರ. ಸಂಜೆ

ಕಾರ್ಯಕ್ರಮದ ಪಟ್ಟಿ ವೆಬ್‌ಸೈಟಿಗೆ ಬಂದಿದೆ. ಪೇಪರ್ ನನ್ನದೇ. ಮಾತಾಡುವವರು: ಡಾ. ಬ್ರಿಜಿಟ್ ಹೇಲ್. ನನ್ನ ಗೈಡ್. ಕೆಳಗೆ ಸಣ್ಣ ಅಕ್ಷರದಲ್ಲಿ, "ಜೊತೆಗೆ" ಅಂತ ಹಾಕಿ, ನಾನು.

ಯಾರ ತಪ್ಪೂ ಅಲ್ಲ, ನನ್ನದೇ. ಸಾರಾಂಶ ಕಳಿಸುವಾಗ ಗೈಡ್ ಹೆಸರು ಮೊದಲು ಹಾಕಿದೆ. ಕೈ ತಾನೇ ಹಾಕಿತು. ಧಾರವಾಡದಲ್ಲಿ ಎಂಎ ಮುಗಿಸಿ ಬರೆದ ಎರಡೂ ಲೇಖನಕ್ಕೆ ನಮ್ಮ ಸರ್ ಹೆಸರೇ ಮೊದಲಿತ್ತು. ಹಾಕದಿದ್ದರೆ ಸೊಕ್ಕು ಅನ್ನುತ್ತಿದ್ದರು. ಇಲ್ಲಿ ಮೊದಲ ಹೆಸರು ಯಾರದೋ ಅವರೇ ಮಾತಾಡುವವರಂತೆ. ಮಾತಾಡಿದವರ ಹೆಸರಿನಲ್ಲೇ ಮುಂದೆ ಕಾನ್ಫರೆನ್ಸಿನ ಪುಸ್ತಕದಲ್ಲಿ ಅಧ್ಯಾಯವೂ ಬರುತ್ತದಂತೆ.

ಎರಡು ವರ್ಷದ ಕೆಲಸ. ಅದೂ ಯಾವ ವಿಷಯದ ಮೇಲೆ!

ಊಟದ ಹೊತ್ತಿಗೆ ಹೇಳಿದೆ. ಆದ್ಯಾ ಫೋನಿನಿಂದ ತಲೆ ಎತ್ತಿದಳು. ಹದಿನೇಳರ ಮಗಳು ತಲೆ ಎತ್ತಿದಳೆಂದರೆ ದೊಡ್ಡ ಸುದ್ದಿಯೇ.

"ವೇಟ್. ಬರ್ದಿದ್ದು ನೀನು, ಮೈಕ್ ಅವ್ರಿಗಾ? ಅಮ್ಮಾ, ಯು ಡಿಡ್ ದ ಥಿಂಗ್! ನಿನ್ನ ಥೀಸಿಸ್‌ನಲ್ಲಿರೋ ಥಿಂಗ್!"

"ಒಂದ್ ಮೇಲ್ ಹಾಕು, ಮುಗೀತು," ಅಂದರು ವಿರುಪಾಕ್ಷ. ಗಂಡನಿಗೆ ಎಲ್ಲವೂ ಒಂದು ಮೇಲ್‌ನ ದೂರದಲ್ಲಿದೆ. "ಆದ್ರ ಆಕಿ ಸಿಟ್ಟಾಗಿ ಥೀಸಿಸ್‌ಗೆ ಅಡ್ಡ ಬಂದ್ರ? ಅದನ್ನೂ ಯೋಚನಿ ಮಾಡು."

ಅತ್ತೆಗೆ ಗಲಾಟೆ ಏತಕ್ಕೆಂದೇ ತಿಳಿಯಲಿಲ್ಲ. "ಹಿರೇರ ಹೆಸರು ಮ್ಯಾಲಿದ್ರ ಏನಾತು? ಲಗ್ನಪತ್ರಿಕ್ಯಾಗ ಅಜ್ಜಾ ಅಜ್ಜಿ ಹೆಸರು ಮೊದಲು ಹಾಕೂದಿಲ್ಲೇನು? ಹಂಗಂತ ಹೇಳಿ ಅಜ್ಜ ಹೋಗಿ ಬಾಸಿಂಗಾ ಕಟ್ಟಿಕೊಂಡು ಕುಂದರ್ತಾನ?"

"ಇಲ್ಲಿ ಕುಂದರ್ತಾನ್ರಿ, ಅತ್ತಿ."

ಎಲ್ಲರೂ ನಕ್ಕರು. ನಾನೂ. ಪಾತ್ರೆ ತೊಳೆಯುವಾಗ ಅಳು ಬಂತು.

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ

ಬ್ರಿಜಿಟ್ ರೂಮಿಗೆ ಹೋಗಿದ್ದೆ. ಹೇಳಲೆಂದೇ. ಅಡಿಟಿಪ್ಪಣಿಗಳ ಬಗ್ಗೆ ಮಾತಾಡಿದೆವು. ಅವರ ಬೆಕ್ಕಿನ ಹಲ್ಲುನೋವಿನ ಬಗ್ಗೆ ಮಾತಾಡಿದೆವು. "ಥ್ಯಾಂಕ್ಯೂ, ಸಾರಿ ಟು ಡಿಸ್ಟರ್ಬ್" ಅಂದು ಬಂದೆ.

ನನಗಿಂತ ಆರು ವರ್ಷ ಚಿಕ್ಕವರು. ಒಳ್ಳೆಯವರು. "ಬ್ರಿಜಿಟ್" ಅಂತ ಬಾಯಿ ತುಂಬ ಕರೆಯಲು ನನಗೆ ಒಂದು ವರ್ಷವೇ ಬೇಕಾಯಿತು. ಮೇಡಂ ಅಂದರೆ ಅವರಿಗೆ ನಗು.

ಲೈಬ್ರರಿಯಲ್ಲಿ ಕೂತು ವಚನಕಾರರ ಬಗ್ಗೆ ಯೋಚಿಸಿದೆ. ಅವರೂ ವಚನದ ಕೊನೆಗೆ ತಮ್ಮ ಹೆಸರು ಹಾಕಲಿಲ್ಲ. ದೇವರ ಹೆಸರಿನಲ್ಲಿ ಅಂಕಿತ. ಅಷ್ಟು ದೊಡ್ಡವರು ಬಿಟ್ಟುಕೊಟ್ಟಿದ್ದನ್ನು ನಾನು ಹಿಡಿದುಕೊಂಡು ಕೂತಿದ್ದೇನಲ್ಲ ಅನ್ನಿಸಿತು. ಅರ್ಧ ಗಂಟೆ ಸಮಾಧಾನ ಸಿಕ್ಕಿತು... ಆಮೇಲೆ ಹೊಳೆಯಿತು. ಆ ಅಂಕಿತ ನೋಡಿದವರಿಗೆ ಯಾರ ವಚನ ಅಂತ ಕೂಡಲೇ ಗೊತ್ತಾಗುತ್ತದೆ. ದೇವರಿಗೆ ಕೊಟ್ಟರೂ ದನಿ ಅವರದಾಗಿಯೇ ಉಳಿಯಿತು. ಬ್ರಿಜಿಟ್ ಹೆಸರು ನೋಡಿದವರಿಗೆ ನಾನು ಗೊತ್ತಾಗುತ್ತೇನೆಯೇ?

ದೇವರೇ ಬೇರೆ. ಗೈಡೇ ಬೇರೆ.

ಮಾರ್ಚ್ 15, ಭಾನುವಾರ

ಬರೆಯಲು ಮನಸ್ಸಾಗಿರಲಿಲ್ಲ. ಬುಧವಾರ ಬ್ರಿಜಿಟ್ ಮೇಲ್ ಹಾಕಿದ್ದಾರೆ. ಮೆಲ್ಬರ್ನ್ ಟಿಕೆಟ್ ಬುಕ್ ಮಾಡಿದರಂತೆ. "ನಾನು ಓದುತ್ತೇನೆ, ಪ್ರಶ್ನೆಗಳಿಗೆ ನೀನು ಉತ್ತರ ಕೊಡಬಹುದು." ಉತ್ತರ ಬರೆದು, ಅಳಿಸಿ, ಬರೆದು... ಕೊನೆಗೆ ಕಳಿಸಿದ್ದು "ಲವ್ಲಿ" ಅಂತ. ಲವ್ಲಿ!

ಇವತ್ತು ಜೋವಿಟಾಗೆ ಫೋನ್ ಮಾಡಿದೆ. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್, ಮಂಗಳೂರಿನವಳು. ಈಗ ಮೆಲ್ಬರ್ನಿನಲ್ಲಿ ನರ್ಸ್. ಪೂರ್ತಿ ಕೇಳಿಸಿಕೊಂಡಳು. ಅದೇ ಒಂದು ಪವಾಡ.

"ನೀನು ಎಂತ ಹುಚ್ಚಿಯಾ ಮಾರಾಯ್ತಿ? ನೀನು ಮರ್ಯಾದೆಗೆ ಹಾಕಿದ್ದು ಅಂತ ಅವರಿಗೆ ಕನಸು ಬೀಳ್ತದಾ? ಕೊಟ್ಟಿದ್ದಾಳೆ, ತಗೊಂಡೆ ಅಂತ ಅವರು ಎಣಿಸಿದ್ದು."

"ಕೇಳಿದರೆ ಬೇಜಾರಾಗ್ತಾರೇನೋ ಅಂತ..."

"ಆಗಲಿ. ಒಂದು ದಿನ ಬೇಜಾರಾಗ್ತಾರೆ. ನೀನು ಜನ್ಮ ಇಡೀ ಆಗ್ತೀ. ಆಮೇಲೆ ನನ್ನ ತಲೆ ತಿನ್ತೀ. ನನ್ನಿಂದ ಆಗುವುದಿಲ್ಲ."

ಮಾರ್ಚ್ 19, ಗುರುವಾರ. ಮಧ್ಯಾಹ್ನ

ಹೇಳಿದೆ.

ಕೂರುವ ಮೊದಲೇ ಹೇಳಿಬಿಟ್ಟೆ, ಕೂತರೆ ಬೆಕ್ಕಿನ ಮಾತು ಬರುತ್ತದೆಂದು. "ಬ್ರಿಜಿಟ್, ಆ ಪೇಪರ್ ನಾನೇ ಓದಬೇಕು. ನನ್ನೊಬ್ಬಳ ಹೆಸರಿನಲ್ಲಿ."

ಅವರು ಕಾಫಿ ಕೆಳಗಿಟ್ಟರು. "ಮತ್ತೆ ನನ್ನ ಹೆಸರು ಯಾಕೆ ಹಾಕಿದೆ?"

"ಗೌರವಕ್ಕೆ."

"ಗೌರವಕ್ಕೆ ಹೆಸರು ಹಾಕುತ್ತಾರಾ?"

"ನಮ್ಮ ಕಡೆ ಹಾಕುತ್ತಾರೆ."

"ನನ್ನನ್ನು ಕೇಳದೆ?"

"ಕೇಳಬೇಕಿತ್ತು," ಅಂದೆ. ಅವರ ಕಿವಿ ಕೆಂಪಗಾಗಿತ್ತು. "ಪಟ್ಟಿ ನೋಡಿದಾಗ ನಾನೂ ಕೇಳಬೇಕಿತ್ತು. ಅಂಜಿಕೆಗೆ ನನ್ನನ್ನು ಮುಂದೆ ಮಾಡಿದ್ದೀಯ ಅಂದುಕೊಂಡೆ. ಮತ್ತೆ... ನಿಜ ಹೇಳಬೇಕೆಂದರೆ, ಪೇಪರ್ ಅಷ್ಟು ಚೆನ್ನಾಗಿತ್ತು. ಹೆಸರು ಇರಲಿ ಅನ್ನಿಸಿತು."

ಇಷ್ಟು ಪ್ರಾಮಾಣಿಕವಾಗಿ ನನ್ನನ್ನು ಯಾರೂ ಹೊಗಳಿರಲಿಲ್ಲ.

ಆಮೇಲೆ ಕಷ್ಟದ ಮಾತು. ಅವರ ಹೆಸರು ತೆಗೆದರೆ ಅದು ಹೊಸ ಪೇಪರ್ ಆದ ಹಾಗೆ. ಸಮಿತಿ ಮತ್ತೆ ಓದುತ್ತದೆ, ವಿದ್ಯಾರ್ಥಿಗಳ ಸಾಲಿನಲ್ಲಿ. ಬೇಡ ಅನ್ನಲೂಬಹುದು. ಹೀಗೇ ಬಿಟ್ಟರೆ ದೊಡ್ಡ ಹಾಲ್, ಮೊದಲ ದಿನ, ಖಾತ್ರಿ. "ಯೋಚನೆ ಮಾಡು," ಅಂದರು.

"ತೆಗೆಯಿರಿ," ಅಂದೆ.

ಅಲ್ಲೇ, ನನ್ನ ಎದುರೇ, ಸಮಿತಿಗೆ ಮೇಲ್ ಬರೆದರು. ನಾನು ಥ್ಯಾಂಕ್ಯೂ ಅಂದೆ. ಸಾರಿ ಅನ್ನಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಸಾರಿ ಇಲ್ಲದೆ ಮುಗಿಸಿದ ಮೊದಲ ಮಾತುಕತೆ ಇದೇ ಇರಬೇಕು.

ಕ್ಯಾಂಪಸ್ಸಿನ ಹುಲ್ಲಿನ ಮೇಲೆ ಬಿಸಿಲಿಗೆ ಕೂತೆ. ಹೋದರೂ ಹೋಗಲಿ. ಹೋದರೆ ನನ್ನದೇ ಹೋಗುತ್ತದೆ.

ಏಪ್ರಿಲ್ 1, ಬುಧವಾರ. ಸಂಜೆ

ಇಷ್ಟು ದಿನ ಮೇಲ್ ತೆಗೆಯಲು ಭಯ. ಇವತ್ತಿನ ತಾರೀಖು ನೋಡಿ ಮೊದಲು ಆದ್ಯಾಳ ತಮಾಷೆ ಅಂದುಕೊಂಡೆ. ಅಲ್ಲ. ಒಪ್ಪಿಕೊಂಡಿದ್ದಾರೆ!

ದೊಡ್ಡ ಹಾಲ್ ಹೋಯಿತು. ಮೊದಲ ದಿನ ಹೋಯಿತು. ಶುಕ್ರವಾರ ಮಧ್ಯಾಹ್ನದ ಕೊನೆಯ ಗೋಷ್ಠಿ, ಮೂರನೇ ಮಹಡಿಯ ಸಣ್ಣ ರೂಮು, ಜನ ಏರ್‌ಪೋರ್ಟಿಗೆ ಹೊರಡುವ ಹೊತ್ತು. ಆದರೆ ಆ ಸಾಲಿನಲ್ಲಿ ಒಂದೇ ಹೆಸರು. ಸಮಿತಿಯವರ ಟಿಪ್ಪಣಿ: "ಹಿಂದಿನ ಟೇಬಲ್‌ನಿಂದ ಬರೆದ ಹಾಗಿದೆ." ಮತ್ತೆ ಮತ್ತೆ ಓದಿದೆ.

ವಿರುಪಾಕ್ಷ ಆ ಪುಟ ಪ್ರಿಂಟ್ ತೆಗೆದು ಆಫೀಸಿನ ಡೆಸ್ಕಿಗೆ ಅಂಟಿಸಿ ಫೋಟೋ ಕಳಿಸಿದರು. ಬ್ರಿಜಿಟ್ ಥೀಸಿಸ್‌ಗೆ ಅಡ್ಡ ಬಂದಾಳು ಅಂತ ಹೆದರಿದ್ದ ಮನುಷ್ಯ!

ಅತ್ತೆ ಬಾಲ್ಕನಿಯಲ್ಲಿ ಫೋನಿಗೆ ಕೂತರು. ತಂಗಿ ಬಸಕ್ಕನಿಗೆ ಮೊದಲು. "ಹ್ಞೂಂ ಬಸಕ್ಕಾ, ಆಸ್ಕರ್! ನಮ್ಮ ಮಾಧುರೀದು. ಮೆಲ್ಬರ್ನಿನ್ಯಾಗಂತ. ಮುಂದಿನ ವಾರ."

ಓಡಿ ಹೋಗುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಹತ್ತು ನಿಮಿಷಕ್ಕೆ ಮನೆಯವರ ವಾಟ್ಸಾಪ್ ತುಂಬ ಹೂಗುಚ್ಛ. ಶಿವಬಸಪ್ಪ ಕಾಕಾ ಕೇಳಿದ್ದಾರೆ: ಬಂಗಾರದ ಗೊಂಬಿ ಎಷ್ಟು ತೊಲಿದು?

"ಏನ್ ಹೇಳಿದ್ರಿ, ಅತ್ತಿ?"

"ನಾ ಸುಳ್ಳು ಹೇಳಿಲ್ಲವಾ. ಆಸ್ಕರ್ ಬಗ್ಗೆ ಮಾತಾಡ್ತಾಳ ಅನ್ನಾಕ ಹೊಂಟಿದ್ನಿ. ಬಸಕ್ಕ ಎಲ್ಲಿ ಪೂರಾ ಹೇಳಾಕ ಬಿಡ್ತಾಳ?"

"ಗುರುವಿನ ಹೆಸರು ತೆಗೆದಿದ್ದಕ್ಕ ಬೈಯೂದಿಲ್ಲೇನು ಮತ್ತ?"

"ಬೈತೀನಿ. ಹೋಗಿ ಬಾ, ಆಮ್ಯಾಲೆ ಬೈತೀನಿ. ಯಾವ ಸೀರಿ ಉಡ್ತೀ?"

ಏಪ್ರಿಲ್ 9, ಗುರುವಾರ. ಮೆಲ್ಬರ್ನ್, ಟಾರ್ನೀಟ್

ಜೋವಿಟಾ ಮನೆ. ನೀರು ದೋಸೆ, ತೆಂಗಿನಕಾಯಿ ಬೆಲ್ಲ. "ಹೆದರಬೇಡ, ಹೆಂಚು ಬೇರೆಯೇ. ಮೀನಿನ ಹೆಂಚಿನ ಹತ್ತಿರ ಇದು ಹೋಗಿಯೇ ಇಲ್ಲ."

ಸಂಜೆ ಅವಳ ಮತ್ತು ಅವಳ ಗಂಡ ಲ್ಯಾನ್ಸ್‌ಲೊಟ್‌ನ ಎದುರು ಪೇಪರ್ ಓದಿದೆ. ಎರಡನೇ ಪುಟಕ್ಕೆ ಆತ ಗೊರಕೆ. "ಅವರದ್ದು ಲೆಕ್ಕಕ್ಕೆ ಹಿಡಿಯಬೇಡ, ನಮ್ಮ ಮದುವೆಯ ಪೂಜೆಯಲ್ಲೂ ಮಲಗಿದ ಜನ," ಅಂದಳು. ಓದಿ ಮುಗಿದಾಗ ಮಾತ್ರ ಅವಳು ತಮಾಷೆ ಮಾಡಲಿಲ್ಲ. ಕಣ್ಣೊರೆಸಿಕೊಂಡು ಒಳಗೆ ಹೋದಳು.

ವಿಮಾನದಲ್ಲಿ ಬರುವಾಗ ಒಂದು ಪ್ಯಾರಾ ಸೇರಿಸಿದ್ದೆ. ಒಂದು ಫೋಟೋ ಇದೆ. ಮುಖ್ಯಸ್ಥರು ವೇದಿಕೆ ಹತ್ತುತ್ತಿದ್ದಾರೆ, ಹಿಂದಿನ ಟೇಬಲ್‌ನವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಮೋಸಹೋದವರ ಮುಖ ಅಂತ ಎರಡು ವರ್ಷ ಓದಿದೆ. ಮೊನ್ನೆ ಮತ್ತೆ ನೋಡಿದೆ. ಅಲ್ಲಿರುವುದು ಹೆಮ್ಮೆ. ಆ ದನಿ ತಮ್ಮದೆಂದು ಅವರಿಗೆ ಗೊತ್ತು. ಗೊತ್ತಿದ್ದವರ ಹೆಮ್ಮೆಗೆ ವೇದಿಕೆ ಬೇಕಿಲ್ಲ, ನಿಜ. ಆದರೆ ಅವರನ್ನು ಯಾರೂ ಕೇಳಲಿಲ್ಲವಲ್ಲ, ಬೇಕೋ ಬೇಡವೋ ಅಂತ. ನಾನೂ ಮೊದಲ ಸಲ ಕೇಳಿಕೊಂಡದ್ದು ಈ ವರ್ಷವೇ.

ಬೇಕು. ನನಗೆ ಬೇಕು.

ಏಪ್ರಿಲ್ 10, ಶುಕ್ರವಾರ. ಮಧ್ಯಾಹ್ನ, ಮೂರನೇ ಮಹಡಿ

ರೂಮು ಅರ್ಧ ತುಂಬಿದೆ. ನಾನು ಎಣಿಸಿದ್ದಕ್ಕಿಂತ ಹೆಚ್ಚು. ಹಸಿರು ಇಳಕಲ್ ಸೀರೆ. ಲಿಫ್ಟಿನಲ್ಲಿ ಯಾರೋ ಚೆನ್ನಾಗಿದೆ ಅಂದರು. ಗೊತ್ತು ಅಂದೆ! ಬಾಯಿ ಜಾರಿತು. ಇರಲಿ.

ನನಗಿಂತ ಮೊದಲಿನ ಹುಡುಗ ಮುಗಿಸುತ್ತಲೇ ಇಲ್ಲ. ಕೈ ಸುಮ್ಮನಿರಲೆಂದು ಇದನ್ನು ಬರೆಯುತ್ತಿದ್ದೇನೆ. ಬ್ರಿಜಿಟ್ ಬಂದಿದ್ದಾರೆ. ಬರುತ್ತೇನೆಂದು ಹೇಳಿರಲಿಲ್ಲ. ಮೂರನೇ ಸಾಲಿನಲ್ಲಿ ಕೂತು, ಬ್ಯಾಗು ಕಾಲ ಬಳಿ ಇಟ್ಟು, ಹೆಬ್ಬೆರಳು ಎತ್ತಿ ತೋರಿಸಿದರು. ನನ್ನ ಕೊನೆಯ ಸ್ಲೈಡಿನಲ್ಲಿ ಅವರ ಹೆಸರಿದೆ. ಕೃತಜ್ಞತೆ ಅಂತ. ಈ ಸಲ ಕೇಳಿ ಹಾಕಿದ್ದೇನೆ.

ಚಪ್ಪಾಳೆ. ಹುಡುಗ ಇಳಿದ. ಗೋಷ್ಠಿಯ ಅಧ್ಯಕ್ಷರು, ವಯಸ್ಸಾದವರು, ಕೈಯಲ್ಲಿ ಕಾಗದ ಹಿಡಿದು ಸಾಲುಗಳ ನಡುವೆ ಬರುತ್ತಿದ್ದಾರೆ. ನನ್ನ ಕಡೆಗೇ... ಇಲ್ಲ. ನನ್ನನ್ನು ದಾಟಿ ಹೋದರು. ಬ್ರಿಜಿಟ್ ಹತ್ತಿರ ಬಗ್ಗಿ, ವೇದಿಕೆಯ ಕಡೆ ಕೈ ತೋರಿಸುತ್ತಿದ್ದಾರೆ. ಮಾತಾಡುವವರು ಅವರೇ ಅಂದುಕೊಂಡು, ದಯವಿಟ್ಟು ಬನ್ನಿ ಅನ್ನುವ ಹಾಗೆ.

ಬ್ರಿಜಿಟ್ ತಲೆ ಆಡಿಸುತ್ತಿದ್ದಾರೆ. ಇಲ್ಲ ಅಂತ. ಅವರು ನನ್ನ ಕಡೆ ಬೆರಳು ತೋರಿಸುವವರೆಗೆ ಕಾಯಬೇಕೇ ನಾನು? ಎಡಗೈ ಎತ್ತಿಬಿಟ್ಟಿದ್ದೇನೆ, ಹಾಜರಿ ಕೂಗಿದಾಗ ಎತ್ತುವ ಹಾಗೆ, ಪೂರ್ತಿ ಮೇಲಕ್ಕೆ, ಬಳೆ ಮೊಣಕೈಗೆ ಜಾರಿದವು, ಎಲ್ಲರೂ ತಿರುಗಿ ನೋಡುತ್ತಿದ್ದಾರೆ, ನೋಡಲಿ, ನಾನೇ ಮಾಧು—