ಮುಚ್ಚಳದ ಕೆಳಗೆ ಏಳು ನಿಮಿಷ

ಮಾರ್ಚ್ 3, ಸಂಜೆ

ಇದೊಂದನ್ನು ಇಲ್ಲೂ ಬರೆಯದೆ ಬಿಡುವವಳಿದ್ದೆ. ಏಳು ನಿಮಿಷ ಆಗಿರಲಿಲ್ಲ. ನಾಲ್ಕಕ್ಕೇ ತೆಗೆದೆ.

ಹೊಸ ಲೋಡಿನ ಕಲ್ಲಿದ್ದಲು. ಪುಡಿ ಮಾಡಿ, ತೂಗಿ, ಮುಚ್ಚಳವಿರುವ ಪುಟ್ಟ ಕ್ರೂಸಿಬಲ್ ಬಟ್ಟಲಿಗೆ ಹಾಕಿ, ಒಂಬೈನೂರು ಡಿಗ್ರಿಯ ಫರ್ನೇಸಿನೊಳಗೆ. ಏಳು ನಿಮಿಷದ ಮೇಲೆ ಮತ್ತೆ ತೂಗಬೇಕು. ತೇವಾಂಶ ಕಳೆದು, ಎಷ್ಟು ಇಳಿದಿದೆಯೋ ಅಷ್ಟು ಅದರೊಳಗಿನ ಗ್ಯಾಸ್. ಹದಿನೆಂಟು ವರ್ಷದಿಂದ ಮಾಡುತ್ತಿದ್ದೇನೆ. ಹೊರಗೆ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು... ಇಪ್ಪತ್ತೆರಡು ಪರ್ಸೆಂಟ್ ಎಂದು ಬರೆದು ಸಹಿ ಹಾಕಿದೆ.

ಗೇಟಿನ ಹತ್ತಿರ ಬಾಯ್ಲರ್ ಮೇಸ್ತ್ರಿ. ಕೈಯಲ್ಲಿ ಅದೇ ಲೋಡಿನ ತುಂಡು. ಮುರಿದು ಮೂಸಿದರು.

"ಮೇಡಂ, ಇದರ ಹೊಟ್ಟೇಲಿ ಗ್ಯಾಸ್ ಜಾಸ್ತಿ ಇದೆ. ಇನ್ನೊಂದ್ಸಲ ನೋಡ್ತೀರಾ?"

"ನಿಮ್ಮ ಮೂಗಿಗೆ ಸರ್ಟಿಫಿಕೇಟ್ ಕೊಟ್ಟವರು ಯಾರು ಮೇಸ್ತ್ರಿ?"

ಬಸ್ಸಿನಲ್ಲಿದ್ದವರು ನಕ್ಕರು. ಮೇಸ್ತ್ರಿಯೂ ನಕ್ಕರು. ಹಾಗೆ ಅನ್ನಬೇಕಿತ್ತೇ? ನಾಳೆ ಮತ್ತೆ ಟೆಸ್ಟ್ ಮಾಡಿದರಾಯಿತು.

ಮಾರ್ಚ್ 4

ದಿನವಿಡೀ ಮೀಟಿಂಗ್. ಫರ್ನೇಸ್ ಹಚ್ಚಲಿಲ್ಲ.

ಮಾರ್ಚ್ 6

ನಿನ್ನೆ ಬೆಳಿಗ್ಗೆ ಆದದ್ದು. ಬಾಯ್ಲರ್ ನಿಲ್ಲಿಸುವಾಗ ಬೆಂಕಿ ಆರದಿರಲೆಂದು ಕೆಂಡದ ಮೇಲೆ ಹೊಸ ಕಲ್ಲಿದ್ದಲು ಹೊದಿಸುತ್ತಾರೆ. ಗ್ಯಾಸ್ ಹೆಚ್ಚಿದ್ದರೆ ಒಂದು ಮೂಲೆಯಲ್ಲಿ ಕೆಂಡ ತೆರೆದಿಡಬೇಕು — ಎದ್ದ ಗ್ಯಾಸ್ ಅಲ್ಲೇ ಉರಿದುಹೋಗಲಿ ಎಂದು. ಮೂವತ್ತು ಪರ್ಸೆಂಟಿಗಿಂತ ಕಡಿಮೆಯಿದ್ದರೆ ಪೂರ್ತಿ ಮುಚ್ಚಬಹುದು. ಗೋಡೆಯ ಚಾರ್ಟಿನಲ್ಲಿ ಹಾಗಿದೆ. ಚಾರ್ಟ್ ಬರೆದವಳು ನಾನೇ.

ನನ್ನ ರಿಪೋರ್ಟ್ ನೋಡಿ ಪೂರ್ತಿ ಮುಚ್ಚಿದ್ದರು. ಬೆಳಿಗ್ಗೆ ಮೇಸ್ತ್ರಿ ಬಾಗಿಲು ತೆರೆದಾಗ ಜ್ವಾಲೆ ಹೊರಕ್ಕೆ ಸಿಡಿಯಿತು. ಮುಖ, ಎರಡೂ ಕೈ. ಕಣ್ಣಿನ ಬಗ್ಗೆ ಡಾಕ್ಟರು ಏನೂ ಹೇಳುತ್ತಿಲ್ಲ.

ಮಾರ್ಚ್ 7

ಉಳಿಸಿಟ್ಟ ಸ್ಯಾಂಪಲ್. ಏಳು ನಿಮಿಷ. ಮೂವತ್ತೇಳು.

ಇನ್ನೊಮ್ಮೆ. ಮೂವತ್ತೇಳು.

ಮಾರ್ಚ್ 14

ಎನ್‌ಕ್ವೈರಿ ಹದಿನೆಂಟಕ್ಕೆ. ಮ್ಯಾನೇಜರು ಕ್ಯಾಬಿನ್ನಿಗೆ ಕರೆದು ಬಿಡಿಸಿ ಹೇಳಿದರು. ಮೇಡಂ ರಿಪೋರ್ಟ್ ತಪ್ಪಿರುವುದಿಲ್ಲ. ರಿಪೋರ್ಟ್ ಸರಿಯಿದ್ದರೆ ಬೆಂಕಿ ಸಿಡಿಯಬಾರದು. ಸಿಡಿದಿದೆ. ಅಂದಮೇಲೆ ಮೇಸ್ತ್ರಿ ಗ್ಯಾಸ್ ಹೊರದೂಡುವ ಫ್ಯಾನ್ ಹಾಕದೆ ಬಾಗಿಲು ತೆರೆದಿರಬೇಕು. ಅವರದೇ ತಪ್ಪೆಂದು ತೀರ್ಮಾನವಾದರೆ ಅವತ್ತೇ ಕೆಲಸವೂ ಇಲ್ಲ, ಕಂಪನಿ ಆಸ್ಪತ್ರೆಯ ಹಾಸಿಗೆಯೂ ಇಲ್ಲ.

ಬಾಯಿ ತೆರೆದೆ. "ಏನು ಮೇಡಂ?" ಎಂದರು. ನೀರು ಕೇಳಿದೆ.

ಮಾರ್ಚ್ 17, ಮಧ್ಯಾಹ್ನ

ಮೇಸ್ತ್ರಿಯ ಹೆಂಡತಿ ಲ್ಯಾಬಿಗೆ ಬಂದಿದ್ದರು. ಕುಳಿತುಕೊಳ್ಳಿ ಎಂದರೂ ನಿಂತೇ ಇದ್ದರು. ಎಡಗಣ್ಣಿಗೆ ಬೆಳಕಷ್ಟೇ ತಿಳಿಯುತ್ತದಂತೆ. ಬಲಗಣ್ಣಿಗೆ ಅದೂ ಇಲ್ಲ.

"ಅಕ್ಕಾ, ಅವರು ಹೇಳಿ ಕಳಿಸಿದಾರೆ. ನಿಮ್ಮ ರಿಪೋರ್ಟ್ ಸರಿಯಾಗೇ ಇತ್ತಂತೆ, ತನ್ನ ಮೂಗೇ ಸುಳ್ಳಂತೆ. ಅವತ್ತು ಎಲ್ಲರೆದುರು ನಿಮ್ಮನ್ನ ಪ್ರಶ್ನೆ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬಾರದಂತೆ."

ಬೇಜಾರಿಲ್ಲ ಎಂದೆ. ಆಕೆಯ ಮುಖ ಹಗುರಾಯಿತು. ನಿಮ್ಮಂಥವರು ನಾಳೆ ಒಂದು ಒಳ್ಳೆ ಮಾತು ಹೇಳಿದರೆ ಸಾಕು ಎಂದು ಕೈ ಮುಗಿದು ಹೋದರು.

ಸಂಜೆ

ಕಾಗದ ಬರೆದಾಯಿತು. ಎನ್‌ಕ್ವೈರಿ ಅಧಿಕಾರಿಗೆ. ನಾಲ್ಕು ನಿಮಿಷ, ಮೂವತ್ತೇಳು, ಎಲ್ಲವೂ ಇದೆ. ಓದಿದೆ. ಎರಡು ಕಡೆ ವ್ಯಾಕರಣ ಸರಿಯಿಲ್ಲ, ಇನ್ನೊಮ್ಮೆ ಬರೆಯಬೇಕು. ನಾಳೆ ಬೆಳಿಗ್ಗೆ ಎನ್‌ಕ್ವೈರಿಯಲ್ಲೇ ಕೈಯಾರೆ ಕೊಡಬಹುದು, ನಿಜ. ಆದರೆ ಇಷ್ಟೆಲ್ಲ ಆದದ್ದೇ ನನ್ನ ಅವಸರದಿಂದ. ಈ ಸಲ ಅವಸರ ಮಾಡುವುದಿಲ್ಲ. ಲಕೋಟೆ ಅಂಟಿಸಿಲ್ಲ.

ಅಂಚೆಗೆ ಹಾಕುವ ದಿನ — ಮಾರ್ಚ್ 19