ಎರಡರಿಂದ ಆರರವರೆಗಿನ ಖಾಲಿ ಓಟ

ಇಂಧನ ಸಹಾಯಧನದ ಕಡತಕ್ಕೆ ಸಹಿ ಹಾಕುವ ಮಾನ್ಯರೇ,

ಕರೆಂಟು ಇದ್ದ ದಿನಗಳಲ್ಲೂ ನಾನು ಐಸ್ ಕಾರ್ಖಾನೆಯ ಡೀಸೆಲ್ ಎಂಜಿನ್ ಓಡಿಸುತ್ತಿದ್ದೆ. ಅದರಿಂದ ಯಾವ ಯಂತ್ರಕ್ಕೂ ವಿದ್ಯುತ್ ಹೋಗುತ್ತಿರಲಿಲ್ಲ, ಒಂದು ಐಸ್ ಗಡ್ಡೆಯೂ ಹೆಪ್ಪುಗಟ್ಟುತ್ತಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಚಾಲೂ ಮಾಡಿ ಸಂಜೆ ಆರಕ್ಕೆ ನಿಲ್ಲಿಸುವುದು ನನ್ನ ಕೆಲಸ. ಎರಡು ವರ್ಷ ಮಾಡಿದೆ, ಯಾರಿಗೂ ಹೇಳಲಿಲ್ಲ. ಎಂಜಿನ್ನಿನ ಹೊಗೆ ಹೋಗುತ್ತಿದ್ದುದು ಹಿಂದಿನ ಓಣಿಯ ಒಂದು ಕಿಟಕಿಗೆ. ಆ ಕಿಟಕಿಯ ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದವರು ನನ್ನ ಚಿಕ್ಕಮ್ಮ. ನಾನು ಉಣ್ಣುತ್ತಿದ್ದುದೂ ಮಲಗುತ್ತಿದ್ದುದೂ ಅದೇ ಕೋಣೆಯಲ್ಲಿ.

ಚಿಕ್ಕಮ್ಮ ತೀರಿಕೊಂಡು ಏಳು ತಿಂಗಳಾಯಿತು. ಕಳೆದ ವಾರ ನಿಮ್ಮ ಕಚೇರಿ ಹೊಸ ನಿಯಮಗಳ ಕರಡು ಪ್ರಕಟಿಸಿ, ಸಾರ್ವಜನಿಕರು ಆಕ್ಷೇಪಣೆ ಇದ್ದರೆ ಸಲ್ಲಿಸಬಹುದು ಎಂದು ಕೃಪೆ ಮಾಡಿದೆ. ನಾನು ಒಂಬತ್ತನೇ ತರಗತಿ ಅರ್ಧಕ್ಕೆ ಬಿಟ್ಟವನು. ಬೆಂಚಿನ ಮೇಲೆ ಒಂದು ಗಳಿಗೆ ಕೂರಲಾಗುತ್ತಿರಲಿಲ್ಲ. 'ಇವನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ' ಎಂದು ಚಿಕ್ಕಮ್ಮ ನಗುತ್ತಿದ್ದರು. ಆದರೂ ನಿಮ್ಮ ಕರಡನ್ನು ಕೂತು ಮೂರು ಸಲ ಓದಿದ್ದೇನೆ. ಸಾರ್ವಜನಿಕರಲ್ಲಿ ನನ್ನನ್ನೂ ಒಬ್ಬನೆಂದು ಎಣಿಸಿ, ಇದನ್ನು ನನ್ನ ಆಕ್ಷೇಪಣೆ ಎಂದು ಸ್ವೀಕರಿಸಬೇಕು. ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ.

ಯಾವ ಮೂರ್ಖ ಸುಮ್ಮನೆ ಎಂಜಿನ್ ಓಡಿಸಿ ಡೀಸೆಲ್ ಸುಡುತ್ತಾನೆ ಎಂದು ನೀವು ಕೇಳಬಹುದು. ಉತ್ತರ ನಿಮ್ಮ ಕರಡಿನ ನಾಲ್ಕನೇ ಪುಟದಲ್ಲೇ ಇದೆ, ಹಳೆಯ ನಿಯಮವನ್ನೇ ಅಲ್ಲಿ ಹಾಗೆಯೇ ಉಳಿಸಿಕೊಂಡಿದ್ದೀರಿ. ಒಂದು ಕಾರ್ಖಾನೆಗೆ ಬರುವ ವರ್ಷ ಎಷ್ಟು ಡೀಸೆಲ್ ಕಡಿಮೆ ದರದಲ್ಲಿ ಸಿಗಬೇಕು ಎಂಬುದು ಈ ವರ್ಷ ಅದರ ಎಂಜಿನ್ ಎಷ್ಟು ಗಂಟೆ ಓಡಿತು ಎಂಬುದರ ಮೇಲೆ ನಿಂತಿದೆ. ಇದಕ್ಕೆ ನೀವು 'ಬಳಕೆ ಆಧಾರಿತ ಹಂಚಿಕೆ' ಎಂಬ ಗಂಭೀರ ಹೆಸರಿಟ್ಟಿದ್ದೀರಿ. ಎಂಜಿನ್ನಿನ ಮೈಮೇಲೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಗಾಜಿನ ಕಿಂಡಿ ಇರುತ್ತದೆ, ಗಂಟೆ ಮೀಟರ್. ಓಡಿದಷ್ಟೂ ಅದರ ಅಂಕಿ ಏರುತ್ತದೆ. ಹೆಚ್ಚು ಓಡಿದರೆ ಹೆಚ್ಚು ಡೀಸೆಲ್. ಮಿತವಾಗಿ ಓಡಿಸಿದವನಿಗೆ ಬರುವ ವರ್ಷ ಕತ್ತರಿ. ಹೀಗೆ ಮೀಟರಿಗಾಗಿ ಓಡಿಸುವುದನ್ನು ಕಾರ್ಖಾನೆಯಲ್ಲಿ ನಾವು ಖಾಲಿ ಓಟ ಎನ್ನುತ್ತಿದ್ದೆವು. ಹೆಸರಿಡುವುದರಲ್ಲಿ ನಾವು ನಿಮ್ಮಷ್ಟು ನಿಪುಣರಲ್ಲ.

ಕೆಲಸಕ್ಕೆ ಸೇರಿದ ಮೂರನೇ ದಿನ ಯಜಮಾನರನ್ನು ಕೇಳಿದೆ.

"ಕರೆಂಟಿದೆಯಲ್ಲ ಸಾರ್, ಯಾಕೆ ಓಡಿಸೋದು?"

"ನಿಂಗೆ ಓಡಿಸೋಕೆ ಸಂಬಳವೋ, ಕೇಳೋಕೋ?" ಎಂದರು. ಆಮೇಲೆ ಅವರೇ ಸ್ವಲ್ಪ ಮೆತ್ತಗಾದರು. "ನೋಡು ಮರಿ, ಬೇಸಿಗೇಲಿ ದಿನಕ್ಕೆ ಆರು ಗಂಟೆ ಕರೆಂಟು ತೆಗೀತಾರೆ. ಆವಾಗ ಡೀಸೆಲ್ ಸಾಲದೆ ಹೋದ್ರೆ ಇಷ್ಟೂ ಐಸು ನೀರಾಗುತ್ತೆ. ಈಗ ಮೀಟರ್ ಓಡ್ಸಿದ್ರೆ ಆವಾಗ ಡೀಸೆಲ್ ಕೊಡ್ತಾರೆ. ಈ ಆಟ ಕಟ್ಟಿದ್ದು ನಾನಲ್ಲಪ್ಪ."

ಯಜಮಾನರು ಕೆಟ್ಟವರಲ್ಲ ಎಂದು ಬರೆಯಲೇಬೇಕು. ಚಿಕ್ಕಮ್ಮನನ್ನು ಆಸ್ಪತ್ರೆಗೆ ಸಾಗಿಸಿದ್ದು ಅವರ ವ್ಯಾನಿನಲ್ಲೇ. ಆಟ ಕಟ್ಟಿದವರು ಅವರಲ್ಲ ಎಂಬುದೂ ನಿಜ.

ಇನ್ನು ನಿಮ್ಮ ಇನ್ನೊಂದು ಕೃಪೆ, ಸೌರ ಫಲಕಗಳು. ಅವುಗಳ ಅರ್ಧ ಖರ್ಚನ್ನು ನಿಮ್ಮ ಕಚೇರಿಯೇ ಕೊಟ್ಟಿತು. ಕಾರ್ಖಾನೆಯ ತಾರಸಿಯ ಮೇಲೆ ಇಪ್ಪತ್ತನಾಲ್ಕು ಫಲಕಗಳು ಕೂತವು. ನೋಡಲು ಬಹಳ ಚೆನ್ನಾಗಿದ್ದವು. ಆದರೆ ಅವು ಕೆಲಸ ಮಾಡಿದರೆ ಎಂಜಿನ್ನಿನ ಗಂಟೆ ಇಳಿಯುತ್ತದೆ, ಗಂಟೆ ಇಳಿದರೆ ಡೀಸೆಲ್ ಇಳಿಯುತ್ತದೆ. ಆದ್ದರಿಂದ ತಂತಿ ಜೋಡಿಸಲೇ ಇಲ್ಲ. ಫಲಕಗಳ ಮೇಲೆ ನೀಲಿ ಟಾರ್ಪಾಲು ಹೊದಿಸಿದೆವು, ಧೂಳು ಕೂರಬಾರದೆಂದು. ಬಿಸಿಲು ಬೀಳಲೆಂದೇ ಹುಟ್ಟಿದ ವಸ್ತುವನ್ನು ಬಿಸಿಲು ತಾಗದಂತೆ ಜೋಪಾನ ಮಾಡಿದ ಕಾರ್ಖಾನೆ ಬೇರೆಲ್ಲಾದರೂ ಇದ್ದರೆ ತಿಳಿಸಬೇಕು, ಹೋಗಿ ನೋಡಿ ಬರುತ್ತೇನೆ.

ನಿಮ್ಮವರು ತಪಾಸಣೆಗೆ ಬರುವ ದಿನ ಮುಂಚೆಯೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ನಾನು ಟಾರ್ಪಾಲು ತೆಗೆದು ಮಡಚಿ ನೀರಿನ ಟ್ಯಾಂಕಿನ ಹಿಂದೆ ಇಡುತ್ತಿದ್ದೆ. ಫಲಕಗಳಿಂದ ಇಳಿದ ತಂತಿಯ ತುದಿಯನ್ನು ಗೋಣಿಚೀಲದಲ್ಲಿ ಸುತ್ತಿ ಕಂಬದ ಮರೆಗೆ ಸರಿಸುತ್ತಿದ್ದೆ. ಒಂದು ಸಲ ನಿಮ್ಮ ತಪಾಸಣಾಧಿಕಾರಿ ತಂತಿಯನ್ನು ಕಣ್ಣಲ್ಲೇ ಹಿಂಬಾಲಿಸಿಕೊಂಡು ಕಂಬದವರೆಗೂ ಬಂದರು. ನಾನು ಗೋಣಿಚೀಲದ ಮುಂದೆ ಹೋಗಿ ನಿಂತೆ.

"ಇದು ಎಲ್ಲಿಗೆ ಹೋಗುತ್ತೆ?"

"ಕೆಳಕ್ಕೆ ಸಾರ್," ಎಂದೆ.

"ಹಾಂ, ಕೆಳಕ್ಕೆ," ಎಂದು ಬರೆದುಕೊಂಡರು. 'ಫಲಕಗಳು ಸುಸ್ಥಿತಿಯಲ್ಲಿವೆ' ಎಂದು ವರದಿ ಹೋಯಿತು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಗಂಟೆ ಮೀಟರ್ ನೋಡಿ, ಮೀಟರ್ ಯಾವತ್ತೂ ಸುಳ್ಳು ಹೇಳುವುದಿಲ್ಲ ಎಂದರು. ಅದೂ ನಿಜವೇ. ಎಂಜಿನ್ ಅಷ್ಟು ಗಂಟೆ ಓಡಿತ್ತು. ಸುಳ್ಳು ಹೇಳುತ್ತಿದ್ದವನು ನಾನು. ಹೇಳುತ್ತಿದ್ದುದು ನಿಮಗಲ್ಲ, ಮನೆಯಲ್ಲಿ.

ಚಿಕ್ಕಮ್ಮ ಆಸ್ಪತ್ರೆಗಳಿಗೆ ದಿಂಬಿನ ಕವರು, ಬಿಳಿ ಕೋಟು ಹೊಲಿಯುತ್ತಿದ್ದರು. ಬಿಳಿ ಬಟ್ಟೆಯ ಕೆಲಸ. ಕಿಟಕಿಯ ಸಂದಿಗೆ ಒದ್ದೆ ಬಟ್ಟೆಯ ಪಟ್ಟಿ ತುರುಕಿಡುತ್ತಿದ್ದರು. ಸಂಜೆ ಅದನ್ನು ಹಿಂಡಿದರೆ ಬಕೆಟ್ಟಿನ ನೀರು ಕಪ್ಪಾಗುತ್ತಿತ್ತು. ಎಂಜಿನ್ ಓಡದ ದಿನ ಅವರು ಮಲಗಿ ನಿದ್ದೆ ಮಾಡುತ್ತಿದ್ದರು, ಓಡಿದ ದಿನ ಗೋಡೆಗೊರಗಿ ಕೂತೇ ನಿದ್ದೆ. ಒಂದು ಭಾನುವಾರ ಊಟ ಬಡಿಸುತ್ತಾ ಕೇಳಿದರು.

"ಏನಪ್ಪಾ ಎಂಜಿನ್ ಸಾಹೇಬ, ನಾಳೆ ಒಂದಿನ ನಿನ್ನ ರಥ ನಿಲ್ಸಕ್ಕಾಗಲ್ವಾ? ಬಿಳಿ ಕೋಟು ಹನ್ನೆರಡಿದೆ."

"ಆಗಲ್ಲ ಚಿಕ್ಕಮ್ಮ. ಕಾರ್ಖಾನೇಲಿ ಕರೆಂಟೇ ಇರಲ್ಲ ಮಧ್ಯಾಹ್ನ."

"ಹೌದಾ?"

"ಹೂಂ. ನಿಲ್ಸಿದ್ರೆ ಐಸೆಲ್ಲ ಕರಗುತ್ತೆ."

ಮರುದಿನ ಮಧ್ಯಾಹ್ನ ನೀರು ಕುಡಿಯಲು ಮನೆಗೆ ಬಂದೆ. ಹೊರಗೆ ಎಂಜಿನ್ ಗುಡುಗುತ್ತಿತ್ತು. ಒಳಗೆ ಚಿಕ್ಕಮ್ಮನ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಕಾರ್ಖಾನೆಗೂ ನಮ್ಮ ಓಣಿಗೂ ಬರುವುದು ಒಂದೇ ತಂತಿ, ಒಂದೇ ಕಂಬದಿಂದ. ಚಿಕ್ಕಮ್ಮ ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು, ಸೂಜಿಗೆ ದಾರ ಪೋಣಿಸಿಕೊಂಡರು. ರಥ ನಿಲ್ಲಿಸು ಎಂದು ಮುಂದೆಂದೂ ಕೇಳಲಿಲ್ಲ. ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿದ್ದೆನೋ ಇಲ್ಲವೋ.

ಹೊಗೆಯಿಂದಲೇ ಸಾವು ಎಂದು ವೈದ್ಯರು ಬರೆದುಕೊಡಲಿಲ್ಲ. ನಾನೂ ಹಾಗೆ ಬರೆಯುವುದಿಲ್ಲ. ಅವರಿಗೆ ಚಿಕ್ಕಂದಿನಿಂದಲೂ ಉಬ್ಬಸವಿತ್ತು. ನನಗೆ ಗೊತ್ತಿರುವುದು ಇಷ್ಟೇ: ಕೂತು ನಿದ್ದೆ ಮಾಡಿದ ದಿನಗಳಲ್ಲಿ ಬಹುಪಾಲು ದಿನಗಳನ್ನು ಅವರಿಗೆ ಕೊಟ್ಟವನು ನಾನು, ಮತ್ತು ಅದರಿಂದ ಜಗತ್ತಿಗೆ ಒಂದು ಹನಿ ತಣ್ಣೀರಿನ ಉಪಕಾರವೂ ಆಗಲಿಲ್ಲ.

ಅವರು ಹೋದ ದಿನವೇ ಎಂಜಿನ್ ಕೆಲಸ ಬಿಟ್ಟೆ. ಈಗ ಬೆಳಗಿನ ಹೊತ್ತು ಮಾರುಕಟ್ಟೆಯಲ್ಲಿ ಐಸ್ ಪೆಟ್ಟಿಗೆ ಹೊರುತ್ತೇನೆ. ಎಂಜಿನ್ ಓಡಿಸಲು ಬೇರೆಯವರು ಬಂದಿದ್ದಾರೆ. ದಿನವೂ ಎರಡಕ್ಕೆ ಸರಿಯಾಗಿ ನಮ್ಮ ಗೋಡೆ ಅದುರುತ್ತದೆ. ಚಿಕ್ಕಮ್ಮನ ಹೊಲಿಗೆ ಯಂತ್ರದ ಖಾನೆಯಲ್ಲಿ ಗುಂಡಿಗಳು ಕಿಣಿಕಿಣಿ ಎಂದು ಅಲುಗಲು ಶುರುವಾಗುತ್ತವೆ, ಯಾರೋ ಬೆರಳಾಡಿಸಿ ಬೇಕಾದ ಗುಂಡಿಯೊಂದನ್ನು ಹುಡುಕುತ್ತಿರುವ ಹಾಗೆ. ಚಿಕ್ಕಪ್ಪ ಬೀಗ ರಿಪೇರಿ ಮಾಡುವವರು. ಮೊದಲು ಪೇಟೆಯಲ್ಲಿ ಕೂರುತ್ತಿದ್ದರು, ಈಗ ಮನೆಯಲ್ಲೇ ಕೂತು ಬೀಗ ಬಿಚ್ಚುತ್ತಿರುತ್ತಾರೆ. ಆ ಸದ್ದಿಗೆ ಇಬ್ಬರೂ ಒಮ್ಮೆಲೇ ತಲೆ ಎತ್ತುತ್ತೇವೆ. "ಎಂಜಿನ್ನು," ಎನ್ನುತ್ತಾರೆ ಚಿಕ್ಕಪ್ಪ. "ಹೂಂ, ಎಂಜಿನ್ನು," ಎನ್ನುತ್ತೇನೆ. ಏಳು ತಿಂಗಳಿಂದ ದಿನವೂ ಇದೇ ಮಾತು. ಖಾನೆಗೆ ಬಟ್ಟೆ ತುರುಕಿದರೆ ಸದ್ದು ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತು. ಇಬ್ಬರೂ ತುರುಕಿಲ್ಲ.

ಹಾಗಾದರೆ ಸಬ್ಸಿಡಿಯನ್ನೇ ಕಿತ್ತುಹಾಕಿ ಎಂದು ಬರೆಯಬೇಕೆಂದು ಮೊದಲು ಸಿಟ್ಟಿನಲ್ಲಿ ಹೊರಟಿದ್ದೆ. ಮಾರುಕಟ್ಟೆಯಲ್ಲಿ ಮೀನು ಮಾರುವ ಅಕ್ಕನಿಗೆ ಹೇಳಿದೆ. ಅವರು ಬುಟ್ಟಿಯಿಂದ ತಲೆ ಎತ್ತದೆ, "ಬರಿ, ಬರಿ. ಐಸಿನ ರೇಟು ಏರಿದ ದಿನ ನಿನ್ನ ಪತ್ರಾನೇ ಮೀನಿಗೆ ಹೊದಿಸ್ತೀನಿ, ತಣ್ಣಗಿರುತ್ತೆ," ಎಂದರು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಅವರ ಮಾತು ಸರಿ. ಒಂದೇ ಏಟಿಗೆ ಸಬ್ಸಿಡಿ ಕಡಿದರೆ ಯಜಮಾನರು ದರ ಏರಿಸಿ ಬಚಾವಾಗುತ್ತಾರೆ, ಬುಟ್ಟಿಯಲ್ಲಿ ಕೊಳೆಯುವುದು ಅಕ್ಕನ ಮೀನು. ಹೊಗೆ ಕುಡಿದವರ ಓಣಿಯಲ್ಲೇ ಅಕ್ಕನ ಮನೆಯೂ ಇದೆ.

ಆದ್ದರಿಂದ ನಾನು ಕೇಳುವುದು ಬೇರೆ. ಸುಟ್ಟಿದ್ದಕ್ಕೆ ದುಡ್ಡು ಕೊಡುವುದನ್ನು ನಿಲ್ಲಿಸಿ. ತಯಾರಾಗಿ ಹೊರಬಿದ್ದ ಐಸಿಗೆ ಕೊಡಿ, ಅದು ಯಾವುದರಿಂದ ಹೆಪ್ಪುಗಟ್ಟಿದರೂ ಸರಿ. ಆಗ ಟಾರ್ಪಾಲು ತಾನಾಗಿಯೇ ಕೆಳಗಿಳಿಯುತ್ತದೆ, ಯಾರಿಗೂ ನೀತಿಪಾಠ ಬೇಕಾಗುವುದಿಲ್ಲ. ಫಲಕ ಜೋಡಿಸಿ ಡೀಸೆಲ್ ಉಳಿಸಿದವನ ಪಾಲನ್ನು ಮರುವರ್ಷವೇ ಕತ್ತರಿಸಬೇಡಿ, ಬೇಸಿಗೆಯಲ್ಲಿ ಕರೆಂಟು ಹೋದಾಗ ಅವನಿಗೆ ಸಿಗುತ್ತದೆ ಎಂಬ ಭರವಸೆ ಬರಹದಲ್ಲಿರಲಿ. ಈ ಬದಲಾವಣೆ ಆಗುವಷ್ಟು ಕಾಲ ಐಸಿನ ದರ ಏರಿದರೆ, ಆ ಏರಿಕೆಯ ಸಹಾಯ ಬುಟ್ಟಿ ಹೊರುವವರ ಕೈಗೇ ನೇರವಾಗಿ ಬರಲಿ. ತಪಾಸಣೆಗೆ ಹೇಳದೆ ಬನ್ನಿ. ತಂತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಸಾಲದು, ಅದರ ತುದಿ ಹಿಡಿದು ನೋಡಿ. ಇದೆಲ್ಲ ಒಂಬತ್ತನೇ ತರಗತಿ ಮುಗಿಸದವನಿಗೆ ಹೊಳೆಯುತ್ತದೆ ಎಂದರೆ ನಿಮಗೆ ಹೊಳೆದಿಲ್ಲ ಎಂದು ನಂಬುವುದು ಹೇಗೆ? ಹೊಳೆದೂ ನಾಲ್ಕನೇ ಪುಟ ಹಾಗೆಯೇ ಉಳಿದಿದ್ದರೆ, ನನ್ನ ಸುಳ್ಳಿಗೂ ನಿಮ್ಮ ಕರಡಿಗೂ ವ್ಯತ್ಯಾಸವೇನು?

ಇಲ್ಲಿಯವರೆಗಿನದನ್ನು ನಿನ್ನೆ ಮಧ್ಯಾಹ್ನ ಚಿಕ್ಕಪ್ಪನಿಗೆ ಓದಿ ಹೇಳಿದೆ. ಪತ್ರಿಕೆಯಲ್ಲಿ ಓದಿ ತಿಳಿಯುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎಂದು. ಫ್ಯಾನಿನ ವಿಷಯಕ್ಕೆ ಬರುವ ಹೊತ್ತಿಗೆ ಎರಡು ಗಂಟೆಯಾಯಿತು, ಎಂಜಿನ್ ಚಾಲೂ ಆಯಿತು. ಧ್ವನಿ ಏರಿಸಬೇಕಾಯಿತು. ಮಾಡಿದ ತಪ್ಪನ್ನು ಕೂಗಿ ಕೂಗಿ ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂದು ನಿಮಗೆ ತಿಳಿದಿರಲಾರದು.

ಚಿಕ್ಕಪ್ಪ ಕೈಯಲ್ಲಿದ್ದ ಬೀಗವನ್ನು ಕೆಳಗಿಟ್ಟರು.

"ಅವಳಿಗೆ ಗೊತ್ತಿತ್ತಾ?"

"ಫ್ಯಾನ್ ತಿರುಗ್ತಾ ಇತ್ತಲ್ಲ ಚಿಕ್ಕಪ್ಪ."

ಚಿಕ್ಕಪ್ಪ ಗುಂಡಿಗಳು ಅಲುಗುತ್ತಿದ್ದ ಖಾನೆಯ ಕಡೆ ತಿರುಗಿದರು. ಆಮೇಲೆ ಹೇಳಿದರು: "ನಂಗೆ ಒಂದು ಮಾತೂ ಹೇಳ್ಲಿಲ್ಲ ಅವಳು. ನಿನ್ನ ಉಳಿಸಿಕೊಂಡ್ಳು."

ಪತ್ರ ಹರಿದುಹಾಕಲಾ ಎಂದು ಕೇಳಿದೆ.

"ಬೇಡ. ಕಳಿಸು. ಒಂದಕ್ಷರ ಬಿಡದೆ ಕಳಿಸು," ಎಂದರು. ಬೀಗವನ್ನು ಮತ್ತೆ ಕೈಗೆತ್ತಿಕೊಂಡರು. "ಆದ್ರೆ ನೀನಿಲ್ಲಿ ಇರಬೇಡ ಕಣೋ. ನಿನ್ನ ಮುಖ ನೋಡಿದಾಗಲೆಲ್ಲ ನಂಗೆ ಎರಡು ಗಂಟೆ ಆಗುತ್ತೆ."

ಆದ್ದರಿಂದ ಕೊನೆಯದಾಗಿ ಒಂದು ಬೇಡಿಕೆ. ಆ ಕರಡಿಗೆ ಸಹಿ ಹಾಕುವ ಮುನ್ನ ಒಂದು ಮಧ್ಯಾಹ್ನ ನಮ್ಮ ಓಣಿಗೆ ಬನ್ನಿ. ಎರಡರಿಂದ ಆರರವರೆಗೆ ಆ ಕೋಣೆಯಲ್ಲಿ ಕೂತಿರಿ. ಚಿಕ್ಕಪ್ಪ ಬಾಗಿಲು ತೆಗೆಯುತ್ತಾರೆ, ಹೆಚ್ಚು ಮಾತಾಡುವುದಿಲ್ಲ. ಖಾನೆಯೊಳಗೆ ಗುಂಡಿಗಳು ಅಲುಗಿದರೆ ಬೆಚ್ಚಬೇಡಿ. ಫ್ಯಾನ್ ತಿರುಗುತ್ತಿದೆಯೇ ಎಂದು ತಲೆ ಎತ್ತಿ ನೋಡಿ. ಆಮೇಲೆ ಸಹಿ ಹಾಕಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಎರಡು ವರ್ಷದ ಗಂಟೆಗಳಾಗಿ ಮಾತ್ರ ಉಳಿದಿರುವ,
ಐಸ್ ಕಾರ್ಖಾನೆಯ ಹಳೆಯ ಎಂಜಿನ್ ಸಾಹೇಬ

ಉತ್ತರ ಬರೆಯುವುದಾದರೆ ಆ ಕೋಣೆಯ ವಿಳಾಸಕ್ಕೆ, ಚಿಕ್ಕಪ್ಪನ ಹೆಸರಿಗೆ ಬರೆಯಿರಿ. ನಾನು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.